ಬಲಗಡೆಯ ಸೀಟು

ಅಮೆರಿಕದ ಅರಿಜೋನಾದ ಮೇಸಾ ಪಟ್ಟಣದ ಫಾಲ್ಕನ್ ಫೀಲ್ಡ್ ವಿಮಾನ ನಿಲ್ದಾಣದಲ್ಲಿ ಬೇಸಿಗೆ ಬಂತೆಂದರೆ ಬೆಳಕು ಹರಿಯುವ ಮುಂಚೆಯೇ ಎಂಜಿನ್‌ಗಳ ಸದ್ದು ಏಳುತ್ತದೆ. ಹೊತ್ತು ಏರಿದ ಮೇಲೆ ಅಲ್ಲಿ ಸಣ್ಣ ವಿಮಾನ ಹಾರಿಸುವುದು ವಿಮಾನಕ್ಕೂ ಶಿಕ್ಷೆ, ಒಳಗೆ ಕೂತವರಿಗೂ ಶಿಕ್ಷೆ. ನಿಲ್ದಾಣ ಇರುವುದು ಸಮುದ್ರಮಟ್ಟಕ್ಕಿಂತ 1,394 ಅಡಿ ಮೇಲೆ. ಆದರೆ ಬಿಸಿಲು 43 ಡಿಗ್ರಿ ಮುಟ್ಟಿದ ದಿನ ಕಾದ ಗಾಳಿ ತೆಳುವಾಗಿ, ರೆಕ್ಕೆಯ ಪಾಲಿಗೂ ಎಂಜಿನ್ನಿನ ಪಾಲಿಗೂ ಅದು ಐದು ಸಾವಿರ ಅಡಿ ಎತ್ತರದ ಊರಾಗಿಬಿಡುತ್ತದೆ. ನಾಲ್ಕು ಸೀಟಿನ ಸೆಸ್ನಾ 172 ಏರಲೋ ಬೇಡವೋ ಎಂದು ಯೋಚಿಸುತ್ತಲೇ ಏರುತ್ತದೆ. ಪಕ್ಕದ ಫೀನಿಕ್ಸ್‌ನಲ್ಲಿ 2017ರ ಜೂನ್ 20ರಂದು ಸೆಖೆಯ ಕಾರಣಕ್ಕೇ ಹತ್ತಾರು ವಿಮಾನಗಳು ರದ್ದಾದವು. ಚಿಕ್ಕ ಜೆಟ್‌ಗಳಿಗೆ ತಯಾರಕರು ಕೊಟ್ಟಿದ್ದ ಮಿತಿ 118 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಹತ್ತಿರಹತ್ತಿರ 48 ಡಿಗ್ರಿ ಸೆಲ್ಸಿಯಸ್. ಆ ದಿನ ಪಾದರಸ ಅದನ್ನೂ ಮೀರಿತು.

ಇಂಥ ಊರಿಗೆ ನಾನು ಹೋದದ್ದು ವಿಮಾನ ಹಾರಿಸಲು ಕಲಿಯುವುದಕ್ಕಲ್ಲ. ಆ ಕಲಿಕೆ, ಅದಕ್ಕೆ ಬೇಕಾದ ಬೆರಳಚ್ಚು, ಭದ್ರತಾ ತಪಾಸಣೆ, ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ ಅಡಿಯಿಂದ ಮುಡಿಯವರೆಗಿನ ವೈದ್ಯಕೀಯ ಪರೀಕ್ಷೆ ಎಲ್ಲ ಮುಗಿದಿದ್ದವು. ಕಮರ್ಷಿಯಲ್ ಲೈಸೆನ್ಸ್ ಕೈಯಲ್ಲಿತ್ತು. ಈಗ ಹೋದದ್ದು ಕಲಿಸುವುದನ್ನು ಕಲಿಯಲು. ಹಾರಲು ಬಂದಮೇಲೆ ಕಲಿಸಲು ಬಾರದೇ ಏನು ಎಂದು ಮನೆಯಲ್ಲಿ ಕೇಳಿದ್ದರು. ಎರಡಕ್ಕೂ ಅಷ್ಟೇನೂ ಸಂಬಂಧವಿಲ್ಲ ಎನ್ನುವುದು ಮೊದಲ ವಾರದಲ್ಲೇ ತಿಳಿಯಿತು.

ಕಲಿಯುವವನು ಎಡಗಡೆ ಕೂರುತ್ತಾನೆ, ಕಲಿಸುವವನು ಬಲಗಡೆ. ಒಂದೇ ಕಾಕ್‌ಪಿಟ್, ಎರಡಡಿ ಆಚೆ. ಅಷ್ಟರಲ್ಲೇ ಎಲ್ಲ ತಲೆಕೆಳಗಾಗುತ್ತದೆ. ಇಲ್ಲಿಯವರೆಗೆ ವಿಮಾನ ನಡೆಸುವ ಹಿಡಿಕೆಯಾದ ಯೋಕ್ ಹಿಡಿದಿದ್ದ ಎಡಗೈಗೆ ಈಗ ಎಂಜಿನ್ನಿನ ಥ್ರಾಟಲ್, ಥ್ರಾಟಲ್ ಹಿಡಿದಿದ್ದ ಬಲಗೈಗೆ ಯೋಕ್. ವೇಗ, ಎತ್ತರ ತೋರಿಸುವ ಉಪಕರಣಗಳೆಲ್ಲ ಎಡಗಡೆಯವನ ಎದುರಿಗೆ. ಓರೆಗಣ್ಣಿನಲ್ಲಿ ನೋಡಿದರೆ ಮುಳ್ಳು ಇರುವ ಜಾಗದಲ್ಲಿ ಕಾಣುವುದಿಲ್ಲ. ರನ್‌ವೇಯ ನಡುಗೆರೆಯ ಮೇಲೆ ಇಳಿಯುತ್ತಿದ್ದೇನೆಂದು ಅಂದುಕೊಂಡರೆ ಗೆರೆ ಆಚೆ ಎಲ್ಲೋ ಇರುತ್ತದೆ. ಆದರೆ ಇದೆಲ್ಲ ಕೈಗಳ ಸಮಸ್ಯೆ. ಕೈಗಳು ಬೇಗ ಹೊಂದಿಕೊಳ್ಳುತ್ತವೆ. ಹೊಂದಿಕೊಳ್ಳದೆ ಸತಾಯಿಸುವುದು ಬಾಯಿ.

ನಮ್ಮ ಮೇಷ್ಟ್ರು ಎಪ್ಪತ್ತು ದಾಟಿದ ಅಮೆರಿಕನ್ನರು. ಏರ್‌ಲೈನಿನಿಂದ ನಿವೃತ್ತರಾಗಿ, ಮನೆಯಲ್ಲಿ ಕೂರಲಾಗದೆ ಮತ್ತೆ ಸಣ್ಣ ವಿಮಾನಗಳಿಗೆ ಮರಳಿದವರು. ಅಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ನನ್ನ ಬಾಯಿಗೆ ಅದು ಬರಲಿಲ್ಲ. ‘ಸರ್’ ಅಂದೆ. ಮೊದಮೊದಲು ನಕ್ಕರು. ಒಂದು ದಿನ ವಿಮಾನವನ್ನು ನೆಲದ ಮೇಲೆ ಟ್ಯಾಕ್ಸಿ ಮಾಡುತ್ತಿದ್ದಾಗ ಮಾತ್ರ ಗಟ್ಟಿಯಾಗಿ ಹೇಳಿದರು: “ಸರ್ ಅನ್ನುವುದು ನಿನ್ನ ಮರ್ಯಾದೆ, ಬೇಡ ಅನ್ನುವುದಿಲ್ಲ. ಆದರೆ ನಾನು ತಪ್ಪು ಟ್ಯಾಕ್ಸಿವೇಗೆ ತಿರುಗಿಸಿದಾಗಲೂ ಸುಮ್ಮನಿದ್ದೆಯಲ್ಲ, ಅದು ಮರ್ಯಾದೆ ಅಲ್ಲ.” ಬೇಕೆಂದೇ ತಿರುಗಿಸಿದ್ದರು.

ಈ ಮಾತಿನ ತೂಕ ನನಗೆ ಪೂರ್ತಿ ಗೊತ್ತಾದದ್ದು ಸೆಡೋನಾಕ್ಕೆ ಹಾರಿದ ದಿನ. ಮೇಸಾದಿಂದ ಉತ್ತರಕ್ಕೆ ಒಂದು ಗಂಟೆಯ ದಾರಿ. ಕೆಂಪು ಬಂಡೆಗಳ ಆ ಊರಿನಲ್ಲಿ ವಿಮಾನ ನಿಲ್ದಾಣ ಇರುವುದು ತಲೆ ಸಪಾಟಾದ ಗುಡ್ಡದ ಮೇಲೆ, 4,830 ಅಡಿ ಎತ್ತರದಲ್ಲಿ. ರನ್‌ವೇಯ ಎರಡೂ ತುದಿಯಲ್ಲಿ ನೆಲ ಥಟ್ಟನೆ ಮುಗಿದುಹೋಗುತ್ತದೆ. ಅಲ್ಲಿನವರು ಅದನ್ನು ವಿಮಾನವಾಹಕ ನೌಕೆಯೆಂದು ತಮಾಷೆ ಮಾಡುತ್ತಾರೆ. ದಕ್ಷಿಣ ಕನ್ನಡ ಕಂಡ ಯಾರಿಗಾದರೂ ಅಲ್ಲಿ ನೆನಪಾಗುವುದು ಮಂಗಳೂರಿನ ಬಜ್ಪೆ ನಿಲ್ದಾಣ. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಆ ಟೇಬಲ್‌ಟಾಪ್ ರನ್‌ವೇ ದಾಟಿ ಕಣಿವೆಗೆ ಬಿದ್ದಾಗ 158 ಜನ ಸತ್ತರು, ಬದುಕುಳಿದವರು ಎಂಟೇ ಜನ. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದು ತನಿಖಾ ವರದಿಯಲ್ಲಿದೆ. ಕ್ಯಾಪ್ಟನ್ ಇಳಿಸಿದರು. ನಾನು ಇದನ್ನು ಸೆಡೋನಾದ ನಿಲ್ದಾಣದಲ್ಲಿ ಕಾಫಿ ಕುಡಿಯುತ್ತ ಮೇಷ್ಟ್ರಿಗೆ ಹೇಳಿದೆ. ಅವರಿಗೆ ಆ ಅಪಘಾತ ಗೊತ್ತಿತ್ತು, ವರದಿಯನ್ನೂ ಓದಿದ್ದರು. “ಆ ಮಾತನ್ನು ಹೇಳಲು ಅವನಿಗೆ ಕಲಿಸಿದ್ದರು. ಅದನ್ನು ಕೇಳಿಸಿಕೊಳ್ಳಲು ಇನ್ನೊಬ್ಬರಿಗೆ ಯಾರು ಕಲಿಸಬೇಕಿತ್ತು?” ಎಂದು ಕೇಳಿ ಸುಮ್ಮನಾದರು.

ತರಬೇತಿಯ ಅರ್ಧ ಭಾಗ ನಾಟಕ. ಮೇಷ್ಟ್ರು ಎಡಗಡೆ ಕೂತು ಏನೂ ಬಾರದ ವಿದ್ಯಾರ್ಥಿಯ ಪಾತ್ರ ವಹಿಸುತ್ತಾರೆ. ನಾನು ಗುರು. ಎಂಥ ವಿದ್ಯಾರ್ಥಿ! ಎಡಕ್ಕೆ ಎಂದರೆ ಬಾಲದ ರಡ್ಡರ್ ತಿರುಗಿಸುವ ಪೆಡಲ್‌ಗಳಲ್ಲಿ ಬಲದ್ದನ್ನು ತುಳಿಯುತ್ತಾರೆ. ಟವರ್ ಕರೆದರೆ ಬಾಯಿ ತೆರೆಯುವುದಿಲ್ಲ. ನೆಲ ಇನ್ನೂ ಇಪ್ಪತ್ತು ಅಡಿ ಇರುವಾಗ ಯೋಕನ್ನು ಎದೆಗೆ ಎಳೆದುಕೊಂಡು ವಿಮಾನವನ್ನು ಮತ್ತೆ ಮೇಲಕ್ಕೆ ತೇಲಿಸುತ್ತಾರೆ. ಆಗ ವೇಗ ಬೀಳುತ್ತಿರುತ್ತದೆ, ನೆಲ ಕೆಳಗಿರುತ್ತದೆ, ಯೋಚನೆಗೆ ಇರುವ ಸಮಯ ಒಂದೆರಡು ಸೆಕೆಂಡು. ಬೇಗ ಕೈ ಹಾಕಿದರೆ ಹುಡುಗ ಕಲಿಯುವುದಿಲ್ಲ, ತಡವಾಗಿ ಹಾಕಿದರೆ ವಿಮಾನ ಉಳಿಯುವುದಿಲ್ಲ. ಈ ಎರಡರ ನಡುವಿನ ಸಂದಿಯಲ್ಲೇ ಇನ್‌ಸ್ಟ್ರಕ್ಟರ್‌ನ ಇಡೀ ವೃತ್ತಿ ಇದೆ.

“ಅವನ ಮುಖ ನೋಡಬೇಡ, ಗೆಣ್ಣು ನೋಡು” ಎಂದರು. ಭಯವಾದ ವಿದ್ಯಾರ್ಥಿ ಮುಖದಲ್ಲಿ ಏನನ್ನೂ ತೋರಿಸುವುದಿಲ್ಲವಂತೆ, ಯೋಕ್ ಹಿಡಿದ ಕೈಯ ಗೆಣ್ಣುಗಳು ಮಾತ್ರ ಬಿಳಿಚಿಕೊಳ್ಳುತ್ತವೆ. ನನ್ನ ಕೈ ಎಲ್ಲಿರಬೇಕು? ತೊಡೆಯ ಮೇಲೆ, ಅಂಗೈ ತೆರೆದು, ಯೋಕಿನಿಂದ ಒಂದು ಗೇಣು ದೂರದಲ್ಲಿ. ಪಾದ ರಡ್ಡರ್ ಪೆಡಲಿಗೆ ತಾಗಿಯೂ ತಾಗದ ಹಾಗೆ. ಹುಡುಗನಿಗೆ ತಾನೇ ಹಾರಿಸುತ್ತಿದ್ದೇನೆ ಅನ್ನಿಸಬೇಕು, ಅದು ನಿಜವೂ ಆಗಿರಬೇಕು. ಕದ್ದು ಪೆಡಲ್ ಒತ್ತಿ ಲ್ಯಾಂಡಿಂಗ್ ಚೆಂದ ಮಾಡಿಕೊಡುವ ಇನ್‌ಸ್ಟ್ರಕ್ಟರ್‌ಗಳ ಮೇಲೆ ಮೇಷ್ಟ್ರಿಗೆ ಭಾರಿ ಸಿಟ್ಟು. ಕೈ ಹಾಕಲೇಬೇಕಾದರೆ ಬಾಯಿಬಿಟ್ಟು ಹೇಳಿ ಹಾಕಬೇಕು. ನಾನು ತೆಗೆದುಕೊಂಡೆ, ನೀವು ತೆಗೆದುಕೊಳ್ಳಿ, ನಾನು ತೆಗೆದುಕೊಂಡೆ ಎಂದು ಮೂರು ಸಲ ಮಾತು ಆ ಕಡೆ ಈ ಕಡೆ ಹೋಗಿಬಂದಮೇಲೇ ವಿಮಾನ ಕೈ ಬದಲಾಯಿಸುವುದು. ಇನ್ನೊಬ್ಬರು ಹಿಡಿದಿದ್ದಾರೆಂದು ಇಬ್ಬರೂ ನಂಬಿ, ಯಾರೂ ಹಿಡಿಯದೆ ಬಿದ್ದ ವಿಮಾನಗಳಿವೆ.

ಮೇಸಾದಲ್ಲಿ ನನ್ನ ಜೊತೆ ಮನೆ ಹಂಚಿಕೊಂಡಿದ್ದವನು ಪುತ್ತೂರಿನ ಹುಡುಗ. ಪಕ್ಕದ ಟೆಂಪಿಯ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಎಂ.ಎಸ್. ಓದುತ್ತಿದ್ದ. ವಿಮಾನದ ಗಂಧವೂ ಇಲ್ಲದವನು. ರಾತ್ರಿ ಕುಚ್ಚಲಕ್ಕಿ ಅನ್ನ ಬೇಯುವಷ್ಟು ಹೊತ್ತು ಅವನೇ ನನ್ನ ವಿದ್ಯಾರ್ಥಿ. ಗೋಡೆಗೆ ಆನಿಸಿದ ಬಿಳಿ ಬೋರ್ಡಿನ ಮೇಲೆ ರೆಕ್ಕೆ ಬರೆದು ಪಾಠ ಒಪ್ಪಿಸುತ್ತಿದ್ದೆ. ವಿಮಾನ ತಿರುಗುವುದು ರಡ್ಡರ್‌ನಿಂದಲ್ಲ, ರೆಕ್ಕೆ ಓರೆಯಾದಾಗ ಮೇಲೆತ್ತುವ ಬಲದ ಒಂದು ಪಾಲು ಪಕ್ಕಕ್ಕೆ ಎಳೆಯುವುದರಿಂದ ಎಂದೆ.

“ಅದು ಗೊತ್ತಾಯ್ತು ಮಾರಾಯ. ಹಾಗಾದ್ರೆ ರಡ್ಡರ್ ಎಂತಕ್ಕೆ?”

ಹೇಳಿದೆ.

“ಓರೆ ಮಾಡಿದ್ರೆ ಮೇಲೆತ್ತುವ ಬಲ ಕಮ್ಮಿ ಆಗುದಿಲ್ವಾ? ಬೀಳುದಿಲ್ವಾ?”

ಅದಕ್ಕೇ ಯೋಕ್ ಎಳೆಯಬೇಕು, ಎಳೆದರೆ ತೂಕ ಹೆಚ್ಚಿದ ಹಾಗಾಗುತ್ತದೆ, 60 ಡಿಗ್ರಿ ಓರೆಯಲ್ಲಿ ವಿಮಾನಕ್ಕೂ ನಮಗೂ ತೂಕ ಎರಡರಷ್ಟಾಗುತ್ತದೆ, ಸ್ಟಾಲ್ ಆಗುವ, ಅಂದರೆ ರೆಕ್ಕೆ ಹೊರುವುದನ್ನು ಬಿಡುವ, ವೇಗ ಶೇ. 41ರಷ್ಟು ಏರುತ್ತದೆ ಎಂದೆ. “ಇದನ್ನು ಮೊದಲೇ ಹೇಳಿದ್ರೆ ಆಗ್ತಿತ್ತಲ್ಲ?” ಎಂದು ಅವನು ಕುಕ್ಕರ್ ಇಳಿಸಲು ಎದ್ದ. ನಾನು ಬೋರ್ಡಿನ ಎದುರು ನಿಂತೇ ಇದ್ದೆ. ಆ 41 ಎಂಬ ಸಂಖ್ಯೆಯನ್ನು ನಾನು ಎಷ್ಟು ಪರೀಕ್ಷೆಗಳಲ್ಲಿ ಬರೆದಿದ್ದೆನೋ. ಅದು ಎಲ್ಲಿಂದ ಹುಟ್ಟಿತೆಂದು ಯಾರೂ ಕೇಳಿರಲಿಲ್ಲ, ಎರಡರ ವರ್ಗಮೂಲದಿಂದ ಎಂದು ನಾನೂ ಹೇಳಿರಲಿಲ್ಲ. ಅಮೆರಿಕದ ವಿಮಾನಯಾನ ಇಲಾಖೆಯಾದ ಎಫ್‌ಎಎ ತನ್ನ ಇನ್‌ಸ್ಟ್ರಕ್ಟರ್‌ಗಳಿಗೆ ಬರೆದ ಕೈಪಿಡಿಯಲ್ಲಿ ಕಲಿಕೆಗೆ ನಾಲ್ಕು ಮೆಟ್ಟಿಲು: ಬಾಯಿಪಾಠ, ಅರಿವು, ಬಳಕೆ, ಒಂದನ್ನು ಇನ್ನೊಂದಕ್ಕೆ ಹೊಂದಿಸಿ ನೋಡುವುದು. ನಮ್ಮ ಶಾಲೆಗಳು ಮೊದಲ ಮೆಟ್ಟಿಲನ್ನೇ ಮಹಡಿ ಅಂದುಕೊಂಡಿವೆ ಎಂದರೆ ಮೇಷ್ಟ್ರುಗಳು ಬೇಸರಿಸಿಕೊಂಡಾರು, ಆದರೂ ಹೇಳುತ್ತೇನೆ.

ಒಂದು ಭಾನುವಾರ ಮೇಸಾದ ಸ್ಮಶಾನಕ್ಕೆ ಹೋದೆ. ಪ್ರವಾಸಿಗರು ಗ್ರ್ಯಾಂಡ್ ಕ್ಯಾನಿಯನ್‌ಗೆ ಹೋಗುತ್ತಾರೆ. ನಾನೂ ಹೋಗಿದ್ದೆ, ನೋಡಲೇಬೇಕಾದ ಜಾಗ. ಅದರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಈ ಸ್ಮಶಾನದ ಬಗ್ಗೆ ಬರೆದವರು ಕಡಿಮೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಆಕಾಶ ಮೋಡದಿಂದಲೂ ಶತ್ರುವಿಮಾನಗಳಿಂದಲೂ ತುಂಬಿದ್ದಾಗ, ಅಲ್ಲಿನ ಹುಡುಗರನ್ನು ಹಾರಾಟ ಕಲಿಯಲು ಸಾಗರ ದಾಟಿಸಿ ಇಲ್ಲಿಗೆ ಕಳಿಸಿದರು. ಫಾಲ್ಕನ್ ಫೀಲ್ಡ್ ಹುಟ್ಟಿದ್ದೇ ಅದಕ್ಕಾಗಿ, 1941ರಲ್ಲಿ, 4ನೇ ಬ್ರಿಟಿಷ್ ಫ್ಲೈಯಿಂಗ್ ಟ್ರೇನಿಂಗ್ ಸ್ಕೂಲ್ ಎಂಬ ಹೆಸರಿನಲ್ಲಿ. ಸುತ್ತ ಕಿತ್ತಳೆ ತೋಟ, ಆಚೆ ಮರುಭೂಮಿ, ವರ್ಷವಿಡೀ ನಿರಭ್ರ ಆಕಾಶ. ತರಬೇತಿಯಲ್ಲೇ ಸತ್ತ 23 ಬ್ರಿಟಿಷ್ ಕೆಡೆಟ್‌ಗಳ ಸಮಾಧಿ ಇಲ್ಲಿದೆ. ಯುದ್ಧ ನೋಡುವ ಮೊದಲೇ ಯುದ್ಧಕ್ಕೆ ಬಲಿಯಾದವರು. ಅವರ ಜೊತೆ ಸತ್ತ ಇನ್‌ಸ್ಟ್ರಕ್ಟರ್‌ಗಳೂ ಇದ್ದಾರೆ.

ಆ ಕೆಡೆಟ್‌ಗಳು ಮೊದಲು ಹತ್ತುತ್ತಿದ್ದುದು ಸ್ಟಿಯರ್‌ಮನ್ ಎಂಬ ಎರಡು ರೆಕ್ಕೆಯಂತಸ್ತಿನ, ಮೇಲ್ಛಾವಣಿ ಇಲ್ಲದ ವಿಮಾನ. ಗುರು ಶಿಷ್ಯರು ಒಬ್ಬರ ಹಿಂದೊಬ್ಬರು ಕೂರಬೇಕು. ಮಾತಿಗೆ ಒಂದು ರಬ್ಬರ್ ಕೊಳವೆ. ಗುರು ಬಾಯಿಯ ಹತ್ತಿರದ ಆಲಿಕೆಯಲ್ಲಿ ಕೂಗಿದ್ದು ಶಿಷ್ಯನ ಕಿವಿಗೆ ಬರುತ್ತದೆ. ಶಿಷ್ಯ ಮರಳಿ ಒಂದು ಮಾತೂ ಆಡುವ ಹಾಗಿಲ್ಲ, ಕೊಳವೆ ಒಂದೇ ದಿಕ್ಕಿನದು. ಇದಕ್ಕೆ ಗಾಸ್‌ಪೋರ್ಟ್ ಕೊಳವೆ ಎಂದು ಹೆಸರು. ಇಂಗ್ಲೆಂಡಿನ ಗಾಸ್‌ಪೋರ್ಟಿನಲ್ಲಿ 1917ರ ಹೊತ್ತಿಗೆ ರಾಬರ್ಟ್ ಸ್ಮಿತ್-ಬ್ಯಾರಿ ಎಂಬ ಅಧಿಕಾರಿ ನಡೆಸಿದ ಶಾಲೆಯಿಂದ ಬಂದದ್ದು. ಮಜಾ ಎಂದರೆ ಅದೇ ಮನುಷ್ಯ ವಿಮಾನ ಶಿಕ್ಷಣವನ್ನು ಬುಡಮೇಲು ಮಾಡಿದವನು. ಅವನಿಗಿಂತ ಮೊದಲು ಅಪಾಯದ ಹತ್ತಿರ ಹೋಗದಂತೆ ಶಿಷ್ಯರನ್ನು ಕಾಯುತ್ತಿದ್ದರು. ಕಾಯುವವರಿಲ್ಲದ ದಿನ ಅವರು ಸಾಯುತ್ತಿದ್ದರು. ಸ್ಮಿತ್-ಬ್ಯಾರಿ ಎರಡೂ ಕಡೆ ಕಂಟ್ರೋಲ್ ಇಟ್ಟು, ಬೇಕೆಂದೇ ವಿಮಾನವನ್ನು ಅಪಾಯಕ್ಕೆ ದೂಡಿ, ಅಲ್ಲಿಂದ ಹೊರಬರುವುದನ್ನು ಕಲಿಸಿದ. ಇಷ್ಟೆಲ್ಲ ಆದಮೇಲೂ ಆ ಸ್ಟಿಯರ್‌ಮನ್‌ಗಳಲ್ಲಿ ಶಿಷ್ಯನಿಂದ ಗುರುವಿಗೆ ಬರುವ ಇನ್ನೊಂದು ಕೊಳವೆ ಇರಲಿಲ್ಲವಲ್ಲ!

ಬೇಕೆಂದೇ ಅಪಾಯಕ್ಕೆ ಹೋಗುವ ಆ ಪಾಠ ಇವತ್ತಿಗೂ ಇನ್‌ಸ್ಟ್ರಕ್ಟರ್ ಆಗುವವರಿಗೆ ತಪ್ಪಿದ್ದಲ್ಲ. ಅದೇ ಸ್ಪಿನ್, ಸ್ಟಾಲ್ ಆದ ವಿಮಾನ ಸುತ್ತುತ್ತ ಬೀಳುವುದು. ಅಮೆರಿಕದಲ್ಲಿ ಸಾಮಾನ್ಯ ಪೈಲಟ್‌ಗಳಿಗೆ ಸ್ಪಿನ್ ಕಡ್ಡಾಯ ಎಂಬ ನಿಯಮವನ್ನು 1949ರಲ್ಲೇ ಕೈಬಿಟ್ಟರು. ಈಗ ಅದು ಉಳಿದಿರುವುದು ಕಲಿಸುವವರ ಪಾಲಿಗೆ ಮಾತ್ರ. ಮುಂಜಾನೆ ಸೂಪರ್‌ಸ್ಟಿಷನ್ ಬೆಟ್ಟಗಳ ಕಡೆ ಹೊರಟೆವು. ಹಿಂದಿನ ಸೀಟು ಖಾಲಿ, ಸಾಮಾನು ಇಲ್ಲ, ಇಂಧನ ಲೆಕ್ಕ ಹಾಕಿ ಹಾಕಿದ್ದು. ಪ್ಯಾರಾಶೂಟ್ ಇಲ್ಲ. ಈ ತರಬೇತಿಗೆ ಕಾನೂನು ಕೇಳುವುದಿಲ್ಲ. ಎತ್ತರ ಸಾಕಷ್ಟು ಸಿಕ್ಕಮೇಲೆ ಕೆಳಗೆ ಯಾರೂ ಇಲ್ಲವೆಂದು ಸುತ್ತು ಹಾಕಿ ನೋಡಿ, ಥ್ರಾಟಲ್ ಪೂರ್ತಿ ಎಳೆದು, ಮೂತಿ ಎತ್ತುತ್ತ ಹೋದೆ. ಸ್ಟಾಲ್ ಎಚ್ಚರಿಕೆಯ ಪೀಪಿ ಸಣ್ಣದಾಗಿ ಶುರುವಾಗಿ ಕಿರುಚಾಟಕ್ಕೇರಿತು. “ಈಗ ಎಡ ರಡ್ಡರ್, ಪೂರ್ತಿ” ಎಂದರು.

ವಿಮಾನ ಮಗ್ಗುಲಾಗಿ ಮೂತಿ ಕೆಳಗೆ ಹಾಕಿತು. ಗಾಜಿನ ತುಂಬ ನೆಲ. ಕಂದು ನೆಲ, ಅದರ ಮೇಲೆ ಕಳ್ಳಿಗಿಡಗಳ ಚುಕ್ಕೆ, ಒಂದು ಒಣ ಹಳ್ಳದ ಬಿಳಿ ಗೆರೆ, ಎಲ್ಲ ಒಂದೇ ಅಕ್ಷದ ಸುತ್ತ ತಿರುಗುತ್ತಿದ್ದವು. ವಿಚಿತ್ರವೆಂದರೆ ವೇಗದ ಮುಳ್ಳು ಏರುತ್ತಿರಲಿಲ್ಲ. ನೆಲಕ್ಕೆ ಬೀಳುತ್ತಿದ್ದೇವೆ, ಮುಳ್ಳು ಮಾತ್ರ ನಿಧಾನವಾಗಿ ಹೋಗುತ್ತಿದ್ದೇವೆ ಅನ್ನುತ್ತಿದೆ. ಥ್ರಾಟಲ್ ಹಿಂದಕ್ಕೆ, ರೆಕ್ಕೆಯಂಚಿನ ಏಲಿರಾನ್ ನಡುವಿಗೆ, ಸುತ್ತುವ ದಿಕ್ಕಿಗೆ ಎದುರಾದ ರಡ್ಡರ್ ಪೂರ್ತಿ, ಯೋಕ್ ಮುಂದಕ್ಕೆ. ನೆಲ ತುಂಬಿದ ಗಾಜಿನ ಎದುರು ಯೋಕನ್ನು ಮುಂದಕ್ಕೆ ತಳ್ಳುವುದಿದೆಯಲ್ಲ, ಅದಕ್ಕೆ ಮೈಯ ಒಂದೊಂದು ನರವೂ ಬೇಡ ಅನ್ನುತ್ತದೆ. ತಳ್ಳಿದ ಮೇಲೆಯೇ ಸುತ್ತು ನಿಂತಿತು. ಒಂದು ಸುತ್ತಿಗೆ ಸುಮಾರು ಐನೂರು ಅಡಿ ಕಳೆದುಕೊಂಡಿದ್ದೆವು.

“ಚೆನ್ನಾಗಿದೆ. ಈಗ ಇನ್ನೊಂದು ಸಲ, ಮಾಡುತ್ತಲೇ ವಿವರಿಸು. ನಾನು ಇದನ್ನು ಮೊದಲ ಸಲ ನೋಡುತ್ತಿರುವವನು” ಎಂದರು. ಬಾಯಿಯ ಸಮಸ್ಯೆ ಎಂದೆನಲ್ಲ, ಇದು. ಕೈ ತನ್ನ ಕೆಲಸ ಬಲ್ಲದು. ಆದರೆ ಸುತ್ತುತ್ತ ಬೀಳುತ್ತಿರುವಾಗ ಪಕ್ಕದವನಿಗೆ, ನಡುಗದ ದನಿಯಲ್ಲಿ, ಏನಾಗುತ್ತಿದೆ, ಏಕಾಗುತ್ತಿದೆ ಎಂದು ಹೇಳುವುದು ಬೇರೆಯದೇ ವಿದ್ಯೆ. ಮೂರನೆಯ ಸಲ ಅವರು ಇನ್ನೊಂದು ಆಟ ತೋರಿಸಿದರು. ಸ್ಪಿನ್ ಶುರುವಾಗುತ್ತಿದ್ದಂತೆ ನನ್ನ ಕೈಕಾಲು ಎರಡನ್ನೂ ತೆಗೆಸಿದರು. ಸೆಸ್ನಾ ಒಂದಿಷ್ಟು ಹೊರಳಿ, ತಾನಾಗಿಯೇ ಸುತ್ತು ಬಿಟ್ಟು ಸರಿಹೋಯಿತು. ಎಲ್ಲ ವಿಮಾನವೂ ಹೀಗಲ್ಲ, ಇದು ಹೀಗೆ. “ಇದಕ್ಕೆ ಹಾರಲು ಬರುತ್ತದೆ. ಬಹಳ ಸಲ ನಾವೇ ಬಿಡುವುದಿಲ್ಲ” ಎಂದು ನಕ್ಕರು.

ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪರೀಕ್ಷಕರ ಶುಲ್ಕ ಸಾವಿರ ಡಾಲರ್ ದಾಟುವುದು ಮಾಮೂಲು, ಮೌಖಿಕ ಭಾಗವೇ ಅರ್ಧ ದಿನ ನುಂಗುತ್ತದೆ. ಪ್ರಶ್ನೆ ಕೇಳುವುದಕ್ಕಿಂತ ಮಾರ್ಕರ್ ಪೆನ್ನು ಕೈಗೆ ಕೊಟ್ಟು “ನನಗೆ ಕಲಿಸು” ಅನ್ನುವುದೇ ಹೆಚ್ಚು. ನನಗೆ ಬಂದ ವಿಷಯಗಳಲ್ಲಿ ಓರೆ ತಿರುವೂ ಒಂದು. ಪುತ್ತೂರಿನವನ ಪ್ರಶ್ನೆಗಳ ಕ್ರಮದಲ್ಲೇ ಹೇಳಿದೆ. ಪಾಸಾಯಿತು.

ಆದರೆ ಈ ಇಡೀ ವ್ಯವಸ್ಥೆಯಲ್ಲಿ ನನಗೆ ಇಂದಿಗೂ ಜೀರ್ಣವಾಗದ ಸಂಗತಿ ಒಂದಿದೆ. 2009ರ ಫೆಬ್ರವರಿ 12ರಂದು ಬಫಲೋ ಊರಿನ ಹತ್ತಿರ ಕೋಲ್ಗನ್ ಏರ್ 3407 ವಿಮಾನ ಬಿದ್ದು 50 ಜನ ಸತ್ತರು. ಸ್ಟಾಲ್ ಎಚ್ಚರಿಕೆ ಬಂದಾಗ ಕ್ಯಾಪ್ಟನ್ ಯೋಕನ್ನು ಮುಂದಕ್ಕೆ ತಳ್ಳುವ ಬದಲು ಹಿಂದಕ್ಕೆ ಎಳೆದಿದ್ದರು. ಮುಂದಕ್ಕೆ ತಳ್ಳುವುದು ಮೊದಲ ತಿಂಗಳಲ್ಲೇ ಕಲಿಯುವ ಪಾಠ. ಆ ದುರಂತದ ನಂತರ ಅಮೆರಿಕದ ಸಂಸತ್ತು ಕಾನೂನು ಮಾಡಿ, 2013ರಿಂದ ಏರ್‌ಲೈನ್ ಸೇರಲು ಸಾಮಾನ್ಯವಾಗಿ 1,500 ಗಂಟೆ ಹಾರಾಟ ಬೇಕು ಎಂದಾಯಿತು. ಲೈಸೆನ್ಸ್ ಸಿಕ್ಕಾಗ ಇರುವುದು ಇನ್ನೂರೈವತ್ತರ ಆಸುಪಾಸು. ಉಳಿದದ್ದನ್ನು ತುಂಬಿಸಲು ಅಗ್ಗದ ದಾರಿ ಇನ್‌ಸ್ಟ್ರಕ್ಟರ್ ಆಗುವುದು, ಏಕೆಂದರೆ ವಿಮಾನದ ಬಾಡಿಗೆ ಕಟ್ಟುವವನು ವಿದ್ಯಾರ್ಥಿ. ಹಾಗಾಗಿ ಅಮೆರಿಕದ ಶಾಲೆಗಳ ತುಂಬ, ತಾವೇ ನಿನ್ನೆ ಮೊನ್ನೆ ಕಲಿತ ಹುಡುಗರು ಇಂದು ಕಲಿಸುತ್ತಾರೆ. ಅವರ ಕಣ್ಣು ವಿದ್ಯಾರ್ಥಿಯ ಗೆಣ್ಣಿನ ಮೇಲಲ್ಲ, ಹಾಬ್ಸ್ ಮೀಟರ್ ಮೇಲೆ. ಎಂಜಿನ್ ಓಡಿದ ಸಮಯವನ್ನು ಗಂಟೆಯ ಹತ್ತನೇ ಒಂದು ಪಾಲಿನಲ್ಲಿ, ಅಂದರೆ ಆರಾರು ನಿಮಿಷಕ್ಕೆ ಒಂದು ಅಂಕಿ ಉರುಳಿಸಿ ತೋರಿಸುವ ಪುಟ್ಟ ಪೆಟ್ಟಿಗೆ ಅದು. ಅದೇ ಅಂಕಿ ವಿದ್ಯಾರ್ಥಿಗೆ ಬಿಲ್ಲು, ಗುರುವಿಗೆ ಏರ್‌ಲೈನಿನ ಮೆಟ್ಟಿಲು. 1,500 ಮುಟ್ಟಿದ ದಿನ ಗುರು ಮಾಯ. ನನ್ನ ಕಣ್ಣೆದುರೇ ಒಬ್ಬ ಕೊರಿಯನ್ ಹುಡುಗಿ ಒಂದೇ ಲೈಸೆನ್ಸ್ ಮುಗಿಸುವುದರಲ್ಲಿ ಮೂರು ಗುರುಗಳನ್ನು ಕಂಡಳು. ಹೊಸಬ ಬಂದಾಗಲೆಲ್ಲ ಹಳೆಯ ಪಾಠ ಮತ್ತೆ, ಅವಳದೇ ಖರ್ಚಿನಲ್ಲಿ.

ಒಳ್ಳೆಯ ಗುರುಗಳಿಲ್ಲವೆಂದಲ್ಲ. ಶಿಷ್ಯನ ಲಾಗ್‌ಬುಕ್ಕಿನಲ್ಲಿ ಒಬ್ಬನೇ ಹಾರಬಹುದೆಂದು ಸಹಿ ಹಾಕುವ ಮುಂಚೆ ರಾತ್ರಿ ನಿದ್ದೆಗೆಡುವ ಇಪ್ಪತ್ತಮೂರರ ಹುಡುಗರನ್ನೂ ಕಂಡಿದ್ದೇನೆ. ಆ ಸಹಿಗೆ ತೊಂಬತ್ತು ದಿನದ ಆಯಸ್ಸು. ಮೊದಲ ಸೋಲೋ ಮುಗಿಸಿ ಬಂದ ಶಿಷ್ಯನ ಅಂಗಿಯ ಬೆನ್ನನ್ನು ಕತ್ತರಿಸಿ, ತಾರೀಕು ಬರೆದು ಗೋಡೆಗೆ ತೂಗುಹಾಕುವುದು ಅಲ್ಲಿನ ಪದ್ಧತಿ. ಮುಂದೆ ಕೂತ ಶಿಷ್ಯನ ಅಂಗಿ ಎಳೆದು ತಪ್ಪು ತಿದ್ದುತ್ತಿದ್ದ ಕಾಲದ ಪಳೆಯುಳಿಕೆಯಂತೆ. ಇನ್ನು ಎಳೆಯುವುದು ಬೇಕಾಗಿಲ್ಲ ಎಂದು ಅರ್ಥ.

ನಮ್ಮವರ ಕಥೆ ಇನ್ನೂ ಒಂದು ಸುತ್ತು ಬೇರೆ. ವೃತ್ತಿ ತರಬೇತಿಯ ಎಂ-1 ವೀಸಾದಲ್ಲಿ ಹೋದವರಿಗೆ ನಾಲ್ಕು ತಿಂಗಳ ಕಲಿಕೆಗೆ ಒಂದು ತಿಂಗಳಂತೆ, ಹೆಚ್ಚೆಂದರೆ ಆರು ತಿಂಗಳು ಮಾತ್ರ ಕೆಲಸದ ಅವಕಾಶ. ಭಾರತಕ್ಕೆ ಮರಳಿದರೆ ಅಮೆರಿಕದ ಪ್ರಮಾಣಪತ್ರ ಹಾಗೇ ನಡೆಯದು, ಇಲ್ಲಿನ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೇಳುವ ಪರೀಕ್ಷೆ, ಹಾರಾಟ ಎಲ್ಲ ಬೇರೆ. ಮೇಲಾಗಿ ಇಲ್ಲಿ 200 ಗಂಟೆಗೆ ಕಮರ್ಷಿಯಲ್ ಲೈಸೆನ್ಸ್ ಸಿಗುತ್ತದೆ, ಏರ್‌ಲೈನಿನ ಬಾಗಿಲು ನೇರ ತೆರೆದಿರುತ್ತದೆ. ಹಾಗಿರುವಾಗ ಬೆಂಗಳೂರಿನ ಜಕ್ಕೂರಿನ ಹಾರಾಟ ಶಾಲೆಯಂಥ ಕಡೆ ಬಲಗಡೆಯ ಸೀಟಿನಲ್ಲಿ ವರ್ಷಗಟ್ಟಲೆ ಯಾರು ಕೂತಾರು? ವಿಮಾನ ಕೊಳ್ಳಲು ಹಣ ಹೊಂದಿಸಬಹುದು, ರನ್‌ವೇ ಹಾಕಬಹುದು. ಕಲಿಸುವುದನ್ನೇ ಕೊನೆಯ ಕೆಲಸವೆಂದು ಹಿಡಿದವರಿಗೆ ಏರ್‌ಲೈನಿನ ಸಂಬಳದ ಹತ್ತಿರವಾದರೂ ಬರುವ ಸಂಬಳ ಕೊಡದಿದ್ದರೆ ನಮ್ಮಲ್ಲೂ ಗುರುಗಳು ಬಂದು ಹೋಗುವ ಅತಿಥಿಗಳೇ ಆಗಿರುತ್ತಾರೆ.

ಸೈಟು ಮಾರಿಯೋ ಸಾಲ ತೆಗೆದೋ ಮಕ್ಕಳನ್ನು ಹಾರಾಟ ಕಲಿಯಲು ಹೊರದೇಶಕ್ಕೆ ಕಳಿಸುವವರು ಈಚೆಗೆ ನನ್ನನ್ನು ಕೇಳುತ್ತಿರುತ್ತಾರೆ: ಯಾವ ದೇಶ ಒಳ್ಳೆಯದು, ಯಾವ ವಿಮಾನ ಹೊಸದು, ಎಷ್ಟು ತಿಂಗಳಲ್ಲಿ ಮುಗಿಯುತ್ತದೆ. ಅದನ್ನೆಲ್ಲ ಕೇಳಿ. ಆದರೆ ಅದಕ್ಕೂ ಮೊದಲು, ನಮ್ಮ ಮಗುವಿನ ಪಕ್ಕ ಕೂರುವವರು ಯಾರು, ಅವರು ಕಲಿಸಲು ಶುರುಮಾಡಿ ಎಷ್ಟು ವರ್ಷವಾಯಿತು, ಕೋರ್ಸಿನ ನಡುವೆ ಅವರು ಬಿಟ್ಟುಹೋದರೆ ಮತ್ತೆ ಹಾರಬೇಕಾದ ಗಂಟೆಗಳ ಖರ್ಚು ಯಾರದು ಎಂದು ಕೇಳಿ. ಈಗ ಅಲ್ಲಿ ಕಲಿಯುತ್ತಿರುವ ಒಬ್ಬ ವಿದ್ಯಾರ್ಥಿಯ ಜೊತೆ ಮಾತಾಡಿಸಿ ಎಂದೂ ಕೇಳಿ. ಉತ್ತರ ಕೊಡಲು ಹಿಂದೆಮುಂದೆ ನೋಡುವ ಶಾಲೆಗೆ ಮುಂಗಡ ಕಟ್ಟಬೇಡಿ.